ಬಂಡೆ ಮಡುವಿಗೆ ಬಿಳಿ ಕೆಬಾರಿ

ಕುರೋಸೆ ನದಿಯ ಟ್ರೌಟ್ ಮೀನುಗಳ ಮನಸ್ಸನ್ನು ಆ ಮೀನುಗಳಿಗಿಂತ ಚೆನ್ನಾಗಿ ಬಲ್ಲವನು ಗೆಂಜೊ. ಹಾಗಂತ ಹೇಳುವವನೂ ಅವನೇ. ಮಾರ್ಚ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ, ಗಾಳ ಹಾಕಲು ಅನುಮತಿ ಇರುವಷ್ಟು ದಿನವೂ ಬೆಳಿಗ್ಗೆ ನನ್ನ ಸೋಬಾ ನೂಡಲ್ಸ್ ಅಂಗಡಿಯ ಮುಂದಿನ ಬೋರ್ಡಿನ ಮೇಲೆ ನದಿಯ ಸಮಾಚಾರ ಬರೆಯುವ ಘನಕಾರ್ಯವನ್ನು ಮೀನುಗಾರರ ಸಂಘ ಅವನಿಗೆ ವಹಿಸಿದೆ. ಮಾರ್ಚಿನಲ್ಲಿ ಹಿಮ ಕರಗಿದ ನೀರು, ಸಣ್ಣ ಕಪ್ಪು ಕೆಬಾರಿ, ತಳಕ್ಕೆ ಬಿಡಿ. ಮೇ ತಿಂಗಳಲ್ಲಿ ರೆಕ್ಕೆಹುಳು ಏಳುತ್ತವೆ, ತಿಳಿಹಳದಿ. ಆಗಸ್ಟಿನಲ್ಲಿ ನೀರು ಕಡಿಮೆ, ಇರುವೆಯಂಥದ್ದು, ಬೆಳಗಿನ ಜಾವ ಮಾತ್ರ. ಕೆಬಾರಿ ಅಂದರೆ ಗಾಳಕ್ಕೆ ದಾರ, ಗರಿ ಸುತ್ತಿದ ಹುಸಿಹುಳು; ಅವನ್ನು ಪಟ್ಟಣದವರು ಡಬ್ಬಿಗಟ್ಟಲೆ ಹೊತ್ತು ತರುತ್ತಾರೆ.

ಈ ಮಹಾಶಯ ಮಾತ್ರ ಹುಟ್ಟಿದಾಗಿನಿಂದ ಕಟ್ಟುವುದು ಒಂದೇ ಕೆಬಾರಿ. ಕಪ್ಪು ದಾರ, ಹುಂಜದ ಕಂದು ಗರಿ. ಅವನಪ್ಪನದೂ ಅದೇ.

"ಮತ್ತೆ ಬೋರ್ಡ್ ತುಂಬಾ ಯಾಕೆ ಗೀಚ್ತೀಯ?" ಅಂತ ಕೇಳಿದ್ದೆ.

"ಪಟ್ಟಣದೋರಿಗೆ ಆಯ್ಕೆ ಬೇಕು, ಹಾತ್ಸುಎ. ಮೀನಿಗೇನು, ಯಾವ್ದು ಬಿದ್ರೂ ನುಂಗುತ್ತೆ."

ಒಂದೇ ಶಾಲೆಯಲ್ಲಿ ಓದಿದವರಾದ್ದರಿಂದ ಅವನ ಜಂಬ ನನಗೆ ಹೊಸದಲ್ಲ. ಆದರೆ ಬಂಡೆ ಮಡುವಿನ ಮುದಿ ಇವಾನಾ ಮೀನು ಅವನ ಜಂಬಕ್ಕೆ ಸೊಪ್ಪು ಹಾಕಿರಲಿಲ್ಲ. ಆರು ವರ್ಷದಿಂದ ಋತುವಿನ ಕೊನೆಯ ದಿನ ಗೆಂಜೊ ಅದಕ್ಕಾಗಿ ಕಣಿವೆಗೆ ಇಳಿಯುತ್ತಿದ್ದ, ಪ್ರತಿ ಸಲ ಬರಿಗೈಯಲ್ಲಿ ಹತ್ತಿ ಬರುತ್ತಿದ್ದ. ಈ ವರ್ಷ ಅವನ ಮಂಡಿ ಕೈಕೊಟ್ಟಿತ್ತು. ಇನ್ನೊಂದು ಸಲ ಇಳಿದರೆ ಅದೇ ಕೊನೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಸೆಪ್ಟೆಂಬರ್ ಇಪ್ಪತ್ತೊಂಬತ್ತು. ಮಳೆ ನಿಂತು ನೀರು ಇಳಿಯುತ್ತಿತ್ತು, ಬಣ್ಣ ಅಕ್ಕಿ ತೊಳೆದ ನೀರಿನ ಹಾಗೆ. ಮೀನು ಹಿಡಿಯಲು ಅದಕ್ಕಿಂತ ಒಳ್ಳೆಯ ದಿನ ಬೇಕಿಲ್ಲ. ರಸ್ತೆಯುದ್ದಕ್ಕೂ ಪಟ್ಟಣದ ಕಾರುಗಳು. ಗೆಂಜೊ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತು ಬರೆದ: ಬಂಡೆ ಮಡು, ದೊಡ್ಡ ಬಿಳಿ ಕೆಬಾರಿ.

"ಬಿಳೀದಾ? ತಲೆ ಕೆಟ್ಟಿದ್ಯಾ?"

"ಶ್! ಬರೀದೆ ಬಿಟ್ರೆ ಅಲ್ಲೇನೋ ಇದೆ ಅಂತ ಎಲ್ರಿಗೂ ಗೊತ್ತಾಗುತ್ತೆ. ಬಿಳೀದು ನೋಡಿದ್ರೆ ಆ ಮುದಿ ಇವಾನಾ ಹೆದರಿ ಬಂಡೆ ಕೆಳಗೇ ಕೂತಿರುತ್ತೆ. ನಾಳೆ ನಾನು ಇಳೀತೀನಿ."

ಯಾವುದು ಬಿದ್ದರೂ ನುಂಗುತ್ತದೆ ಎಂದು ಜೀವನವಿಡೀ ಸಾರಿದ ಪಂಡಿತ, ತಪ್ಪು ಕೆಬಾರಿ ಬರೆದು ಮೀನನ್ನು ತನಗಾಗಿ ಕಾಯ್ದಿಡಲು ಹೊರಟಿದ್ದ! ನಕ್ಕು ನಕ್ಕು ನನ್ನ ಸೋಬಾ ಬೆಂದು ಮುದ್ದೆಯಾಯಿತು.

ಮಧ್ಯಾಹ್ನ ನಾಗೋಯಾದ ಹಿಬಿನೊ-ಸಾನ್ ಬಂದರು. ನಿವೃತ್ತ ಟೀಚರು, ಗೆಂಜೊನ ಬೋರ್ಡನ್ನು ಒಂದಕ್ಷರವೂ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಏಕೈಕ ಭಕ್ತೆ. ಬುಟ್ಟಿ ತೆರೆದರು. ನಲವತ್ತಮೂರು ಸೆಂಟಿಮೀಟರ್, ಬಾಗಿದ ದವಡೆ. ಅದೇ ಮುದಿ ಇವಾನಾ.

"ನೀವು ಬರೀದಿದ್ರೆ ಬಿಳೀದು ಕಟ್ಟೋ ಧೈರ್ಯ ನಂಗೆಲ್ಲಿತ್ತು, ಸೆನ್ಸೇ!" ಎಂದು ಗುರುವಿಗೆ ಮಾಡುವ ಹಾಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು.

ಗೆಂಜೊ ಕೂಡ ಬಗ್ಗಿ ನಮಸ್ಕರಿಸಿದ. ಏಳಲು ತುಸು ಹೆಚ್ಚೇ ಹೊತ್ತು ತೆಗೆದುಕೊಂಡ. ಮಂಡಿ ನೋವು ಅಂದುಕೊಂಡರು ಆಕೆ.

ದೊಡ್ಡ ಇವಾನಾ ಸಿಕ್ಕರೆ ಕೆಂಡದ ಮೇಲೆ ಸುಟ್ಟು ಬಿಸಿ ಸಾಕೆಯಲ್ಲಿ, ಅಂದರೆ ಅಕ್ಕಿಯ ಮದ್ಯದಲ್ಲಿ, ಮುಳುಗಿಸುತ್ತೇವೆ, ಮೊದಲ ಬಟ್ಟಲು ಮೀನಿನ ದಾರಿ ತೋರಿಸಿದವನಿಗೆ. ಸುಟ್ಟವಳು ನಾನೇ. ಬಟ್ಟಲು ಕೈಗಿಡುವಾಗ ಅಣಕಿಸಬೇಕೆಂದುಕೊಂಡಿದ್ದೆ, ಅದರ ಬದಲು ಇನ್ನಷ್ಟು ಸಾಕೆ ಸುರಿದೆ. ಪಾಪ ಅನ್ನಿಸಿತು.

ಅವನು ಎರಡೂ ಕೈಯಲ್ಲಿ ಹಿಡಿದು ತಳ ಕಾಣುವವರೆಗೆ ಕುಡಿದ.

"ಹೇಗಿದೆ, ಸೆನ್ಸೇ?" ಆಕೆ ಕೇಳಿದರು.

"ಹಾಳಾದ್ದು, ತುಂಬಾ ಚೆನ್ನಾಗಿದೆ," ಅಂದು ಬಟ್ಟಲನ್ನು ಮತ್ತೆ ಚಾಚಿದ.