ತುರಿಕೆ ಮರೆತ ನಾಲಿಗೆ

ತವೆಯೂನಿ ದ್ವೀಪದ ಕಡಲು ಇನ್ನೂ ಕಪ್ಪಗಿದೆ. ಶಾಲೆಯ ಹಿಂದಿನ ಒಲೆಯಲ್ಲಿ ಆಗಲೇ ಬೆಂಕಿ ಹತ್ತಿದೆ. ಅಡುಗೆಯ ಲಿತಿಯಾನಾ ಕೆಸುವಿನೆಲೆಯ ನಾರು ತೆಗೆದು, ದಂಟು ಮುರಿದು, ದೊಡ್ಡ ಪಾತ್ರೆಗೆ ತುಂಬಿ ಮುಚ್ಚಳ ಹಾಕುತ್ತಾರೆ. ಇನ್ನು ಅದನ್ನು ಯಾರೂ ಮುಟ್ಟುವಂತಿಲ್ಲ. ಬೇಯುವ ಮೊದಲೇ ಸೌಟು ಆಡಿಸಿದರೆ ಸೊಪ್ಪು ಮುನಿಸಿಕೊಂಡು ಗಂಟಲು ಕೆರೆಯುತ್ತದೆ ಎಂಬುದು ಇಲ್ಲಿನವರ ನಂಬಿಕೆ.

"ಮಕ್ಕಳು ಬಂದು ಬೆಳಗಿನ ಕೀರ್ತನೆ ಹಾಡಿ ಮುಗಿಸ್ಲಿ. ಆಮೇಲೇ ಮುಚ್ಚಳ ತೆಗೆಯೋದು. ಅಲ್ಲೀತನಕ ಇದೂ ಪ್ರಾರ್ಥನೆ ಮಾಡ್ಕೊಂಡಿರುತ್ತೆ," ಎನ್ನುತ್ತಾರೆ.

ಮಕ್ಕಳು ಅವರನ್ನು ಕರೆಯುವುದು 'ಬುಬು' ಎಂದು, ಅಜ್ಜಿ ಎಂದರ್ಥ. ಈ ಮಕ್ಕಳ ಅಪ್ಪ ಅಮ್ಮಂದಿರು ಬೇರೆಯವರ ಕೆಸುವಿನ ತೋಟದಲ್ಲಿ ಕೂಲಿ ಮಾಡುವವರು. ಗೆಡ್ಡೆ ಹಡಗು ಹತ್ತಿ ದೂರ ಹೋಗುತ್ತದೆ, ಎಲೆ ಮಕ್ಕಳ ತಟ್ಟೆಗೆ ಬರುತ್ತದೆ. ಬುತ್ತಿ ಕಟ್ಟಿಕೊಡಲಾಗದ ಮನೆಗಳಿಗೆ ಶಾಲೆಯ ಈ ಮಧ್ಯಾಹ್ನದ ಊಟವೇ ದೊಡ್ಡ ಊಟ. ದುಡ್ಡು ಕೊಡಬೇಕಿಲ್ಲ.

ಮೊದಲು ಪ್ರತಿ ಮಗುವೂ ಒಂದು ತೆಂಗಿನಕಾಯಿ, ಒಂದು ಕಟ್ಟಿಗೆ ತುಂಡು ಹಿಡಿದು ಬರುತ್ತಿತ್ತಂತೆ. ದೊಡ್ಡ ಹುಡುಗಿಯರು ಸಾಲಾಗಿ ಕೂತು ಕಾಯಿ ತುರಿಯುತ್ತಿದ್ದರು. ಆ ಸರಸರ ಸದ್ದೇ ಒಳಗಿನ ಹಾಡಿಗೆ ತಾಳ. "ಈಗ ಕಾಯಿಹಾಲು ಡಬ್ಬಿಯಲ್ಲಿ ಬರುತ್ತೆ. ರುಚಿಗೇನೂ ಕಮ್ಮಿಯಿಲ್ಲ. ಆದ್ರೆ ಡಬ್ಬಿ ಹಾಡಲ್ಲ ನೋಡಿ," ಎಂದು ನಗುತ್ತಾರೆ.

ಎಷ್ಟೋ ವರ್ಷಗಳ ಹಿಂದೆ, ಬುಬು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ, ಸೆಮೆಸಾ ಎಂಬ ಪುಟ್ಟ ಹುಡುಗ ಅರೆಬೆಂದ ಸೊಪ್ಪು ತಿಂದು, ಗಂಟಲು ಹಿಡಿದುಕೊಂಡು ಊರೆಲ್ಲ ಕೇಳುವಂತೆ ಅತ್ತಿದ್ದ. ಅಂದಿನಿಂದ ಮೊದಲ ತುತ್ತು ಬುಬುವಿನದೇ. ಅವರ ನಾಲಿಗೆ ಒಪ್ಪದೆ ಒಂದು ತಟ್ಟೆಯೂ ಹೊರಗೆ ಹೋಗಿಲ್ಲ.

ಕಳೆದ ತಿಂಗಳು ಆ ನಾಲಿಗೆ ಕೈಕೊಟ್ಟಿತು. ಬುಬುವಿಗೆ ಏನೂ ಅನ್ನಿಸದ ಸೊಪ್ಪು ಇಬ್ಬರು ಮಕ್ಕಳ ಗಂಟಲು ಕೆರೆಯಿತು. ಇನ್ನು ಸೊಪ್ಪು ಸಾಕು, ಪೊಟ್ಟಣದ ನೂಡಲ್ಸ್ ಕೊಡೋಣ ಎನ್ನುತ್ತಿದೆ ಶಾಲಾ ಸಮಿತಿ. ಇಂದಿನ ಅಡುಗೆ ನೋಡಿ ತೀರ್ಮಾನಿಸುವವರು ಮುಖ್ಯೋಪಾಧ್ಯಾಯರು. ಅವರೇ ಆ ಸೆಮೆಸಾ.

"ಎಷ್ಟು ವರ್ಷ ಕೆರೆಸ್ಕೊಂಡಿದೆಯೋ ಪಾಪ, ಸುಸ್ತಾಗಿ ಸುಮ್ನಾಗ್ಬಿಟ್ಟಿದೆ," ಎಂದು ಬುಬು ತಮ್ಮ ನಾಲಿಗೆಯ ಪರವಾಗಿ ಹೇಳುತ್ತಾರೆ.

ಮಧ್ಯಾಹ್ನ ಮಕ್ಕಳು ಬೇಯಿಸಿದ ಮರಗೆಣಸಿನ ತಟ್ಟೆಗಳ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾರೆ. ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ಹಿಂಜರಿಯುತ್ತಾರೆ.

"ಬುಬು, ನಂಗಿನ್ನೂ ಹೆದರಿಕೇನೇ."

"ಅವತ್ತು ಅಳೋಕೆ ತೆಗೆದ ಬಾಯಿ, ಇವತ್ತು ತಿನ್ನೋಕೆ ತೆಗಿ ಮೇಷ್ಟ್ರೇ."

ಬುಬು ಕೊಟ್ಟ ಸೊಪ್ಪಿನ ತುತ್ತನ್ನು ಸೆಮೆಸಾ ನುಂಗುತ್ತಾರೆ. ತುರಿಕೆ ತಡವಾಗಿ ಬರುವಂಥದು, ಕಾಯಬೇಕು. ಮಕ್ಕಳು ಊಟದ ಪ್ರಾರ್ಥನೆಯನ್ನು ಸಾಲುಸಾಲಾಗಿ ಹೇಳುತ್ತಿದ್ದಾರೆ. ಸೌಟು ಹಿಡಿದ ಬುಬುವಿನ ತುಟಿಯೂ ಅಲುಗುತ್ತಿದೆ. ಆಮೆನ್ ಬರುತ್ತದೆ. ಮೇಷ್ಟ್ರ ಕೈ ಗಂಟಲಿಗೆ ಹೋಗುವುದಿಲ್ಲ.

"ನೂಡಲ್ಸ್ ಬೇಡ ಅಂತ ಸಮಿತಿಗೆ ಹೇಳ್ತೀನಿ. ದಿನಾ ಮೊದಲ ತುತ್ತು ನಂದು," ಎನ್ನುತ್ತಾ ತಟ್ಟೆ ಚಾಚುತ್ತಾರೆ. "ಈಗ ಇನ್ನೊಂದು ಸೌಟು ಹಾಕಿ, ಬುಬು."

ಬುಬು ಪಾತ್ರೆಯನ್ನು ಮಕ್ಕಳ ಕಡೆಗೆ ಎಳೆದುಕೊಳ್ಳುತ್ತಾರೆ.

"ಮೊದಲ ತುತ್ತು ಅಂದ್ರೆ ಒಂದೇ ತುತ್ತು ಕಣಪ್ಪ. ಉಳಿದ್ರೆ ಕರೀತೀನಿ."