ನಿಂತೇ ಇದ್ದ ಶಾಬ್ಲಿ

ನನ್ನ ಚಿಕ್ಕಪ್ಪ ದೊಡ್ಡ ಹೋಟೆಲೊಂದರಲ್ಲಿ ವೇಟರ್. ಬರೀ ವೇಟರ್ ಅಂದರೆ ಅವನ ಮುಖ ಊದಿಕೊಳ್ಳುತ್ತದೆ. ಅಲ್ಲಿ ವೈನ್ ಬಾಟಲಿಗೆ ಕೈ ಹಾಕುವ ಹಕ್ಕು ಅವನೊಬ್ಬನದು. ತೋಳಿನ ಮೇಲೆ ಬಿಳಿ ಟವೆಲ್, ಜೇಬಿನಲ್ಲಿ ಕಾರ್ಕ್ ತೆಗೆಯುವ ತಿರುಪು. ಆದರೆ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವನಲ್ಲ. ಕಾಫಿ ಸ್ವಲ್ಪ ಸ್ಟ್ರಾಂಗ್ ಆದರೂ ಮುಖ ಸಿಂಡರಿಸುವ ಪ್ರಾಣಿ. ಇಂಥವನು ತನ್ನ ಒಬ್ಬಳೇ ಮಗಳಿಗೆ ಫ್ರಾನ್ಸಿನ ವೈನ್ ಒಂದರ ಹೆಸರಿಟ್ಟ: ಶಾಬ್ಲಿ.

ಯಾಕಪ್ಪಾ ಅಂತ ಕೇಳದವರಿಲ್ಲ. ನನ್ನಪ್ಪನಂತೂ, "ಅವತ್ತೊಂದಿನ ಏರಿಸ್ಕೊಂಡಿರ್ಬೇಕು ಬಿಡು" ಎಂದು ತಮ್ಮನನ್ನು ಗೋಳು ಹೊಯ್ದುಕೊಳ್ಳುತ್ತಿದ್ದ. ಯಾವುದೋ ಹೂವಿನ ಹೆಸರಿರಬೇಕು ಅಂದುಕೊಂಡು ಒಪ್ಪಿದ್ದು ಅಂತ ಚಿಕ್ಕಮ್ಮ ಇವತ್ತಿಗೂ ಹೇಳುತ್ತಾಳೆ. ಚಿಕ್ಕಪ್ಪ ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡುತ್ತಿರಲಿಲ್ಲ. ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಹೆಸರಿಟ್ಟವನೇ ಅವಳನ್ನು ಆ ಹೆಸರು ಹಿಡಿದು ಕರೆದದ್ದು ನಾನು ಕೇಳಿರಲಿಲ್ಲ. ಮನೆಯಲ್ಲಿ ಅವಳು ಪುಟ್ಟಿ.

ಎಲ್ಲದರಲ್ಲೂ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಅರ್ಥವನ್ನಾದರೂ ಹೇಳು ಅಂತ ಚಿಕ್ಕಪ್ಪನಿಗೆ ದುಂಬಾಲು ಬಿದ್ದೆ. ಶಾಬ್ಲಿ ಅನ್ನುವುದು ಒಂದು ಸಣ್ಣ ಊರಂತೆ. ಅಲ್ಲಿಯ ಬಿಳಿ ವೈನಿಗೂ ಊರಿನದೇ ಹೆಸರು. ಆ ದ್ರಾಕ್ಷಿತೋಟಗಳ ಮಣ್ಣಿನಲ್ಲಿ ಪುಟಾಣಿ ಚಿಪ್ಪುಗಳು ಸಿಗುತ್ತವಂತೆ, ಯಾವುದೋ ಕಾಲದಲ್ಲಿ ಅಲ್ಲಿ ಸಮುದ್ರವಿತ್ತಂತೆ.

"ರುಚಿ ಹೇಗಿರುತ್ತೆ?" ಅಂದೆ.

"ಸಿಹಿ ಇರಲ್ಲ. ಮಳೇಲಿ ನೆಂದ ಕಲ್ಲಿನ ವಾಸನೆ ಬರುತ್ತೆ ಅಂತಾರೆ. ನನಗೇನು ಗೊತ್ತು!"

ಊರಿಗೂ ಕಲ್ಲಿಗೂ ಚಿಪ್ಪಿಗೂ ಮಗಳಿಗೂ ಏನು ಸಂಬಂಧ? ನನಗೆ ತಲೆ ಬುಡ ತಿಳಿಯಲಿಲ್ಲ.

ಇಷ್ಟನ್ನೂ ಅವನಿಗೆ ಹೇಳಿದವರು ಹೋಟೆಲಿನ ಒಬ್ಬ ಗಿರಾಕಿ. ಪುಟ್ಟಿ ಹುಟ್ಟಿದ ದಿನ ಆಸ್ಪತ್ರೆಯಿಂದ ನೇರವಾಗಿ ಡ್ಯೂಟಿಗೆ ಓಡಿ ಬಂದಿದ್ದ ಚಿಕ್ಕಪ್ಪ ಗ್ಲಾಸು ಬಿಟ್ಟು ಮೇಜಿನ ಮೇಲೆ ವೈನ್ ಸುರಿಯುವುದನ್ನು ನೋಡಿ ಅವರು ಕಾರಣ ಕೇಳಿದರಂತೆ. ತಿಳಿದ ಮೇಲೆ ಸೀಲ್ ಒಡೆಯದ ಶಾಬ್ಲಿ ಬಾಟಲಿಯೊಂದನ್ನು ಕೈಗಿತ್ತು, ಮಗಳಿಗೆ ಒಳ್ಳೆಯ ದಿನ ಬಂದಾಗ ತೆಗೆಯಿರಿ ಅಂದರಂತೆ. ಅಂದಿನಿಂದ ಅದು ನಡುಮನೆಯ ಶೋಕೇಸಿನಲ್ಲಿ, ಗಡಿಯಾರದ ಪಕ್ಕ ಮೈ ನೆಟ್ಟಗೆ ಮಾಡಿಕೊಂಡು ನಿಂತಿತ್ತು.

ಪುಟ್ಟಿಯ ಪಾಡು ಮಾತ್ರ ಯಾರಿಗೂ ಬೇಡ. ಶಾಲೆಯಲ್ಲಿ ಮಕ್ಕಳು "ಶಾಬ್ಲಿ ಬಾಟ್ಲಿ, ಶಾಬ್ಲಿ ಬಾಟ್ಲಿ" ಎಂದು ಗೇಟಿನವರೆಗೂ ಕೂಗಿಕೊಂಡು ಬರುತ್ತಿದ್ದರು. ಅವಳು ಅತ್ತು ಅತ್ತು ಕೆಂಪಾದ ಕಣ್ಣಲ್ಲಿ ಮನೆಗೆ ಬಂದು ಶೋಕೇಸಿನ ಕಡೆ ದುರುಗುಟ್ಟಿ ನೋಡುತ್ತಿದ್ದಳು.

ಕೊನೆಗೂ ಒಳ್ಳೆಯ ದಿನ ಬಂತು. ಪುಟ್ಟಿಗೆ ಪ್ರೈಮರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು, ಸೋಮವಾರದಿಂದ ಡ್ಯೂಟಿ. ಭಾನುವಾರ ಮಧ್ಯಾಹ್ನ ನಾವೆಲ್ಲ ಚಿಕ್ಕಪ್ಪನ ಮನೆಯಲ್ಲಿ ಊಟಕ್ಕೆ ಸೇರಿದೆವು. ತಟ್ಟೆ ಎತ್ತುವ ಹೊತ್ತಿಗೆ ಅವಳು ಹೇಳಿಯೇಬಿಟ್ಟಳು.

"ಅಪ್ಪಾ, ನಾನು ಹೆಸರು ಬದಲಾಯಿಸ್ಕೋತೀನಿ. ನಾಳೆ ಸ್ಕೂಲಲ್ಲಿ ಬೇರೆ ಹೆಸರೇ ಹೇಳ್ತೀನಿ. ಕ್ಲಾಸ್ ತುಂಬ ಮಕ್ಕಳು ಬಾಟ್ಲಿ ಮಿಸ್ ಅಂದ್ರೆ ನಾನು ಹೇಗೆ ಪಾಠ ಮಾಡ್ಲಿ?"

ಚಿಕ್ಕಪ್ಪನ ಮುಖ ಸಪ್ಪಗಾಯಿತು. "ನಿನ್ನ ಹೆಸರು, ನಿನ್ನಿಷ್ಟ" ಎಂದ. ಶೋಕೇಸಿನ ಕಡೆ ತಿರುಗಿ, "ಒಳ್ಳೆ ದಿನ ಅಂತೂ ಬಂತಲ್ಲ, ಇದನ್ನ ತೆಗೆದುಬಿಡೋಣ" ಎಂದು ಎದ್ದು ಬಾಟಲಿ ತಂದ.

ಬೆಳಕಿಗೆ ಹಿಡಿದರೆ ಒಳಗಿನದು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ತಿರುಪು ಹಾಕಿದ ಕೂಡಲೇ ಕಾರ್ಕ್ ಪುಡಿಪುಡಿಯಾಯಿತು. ಘಮ್ಮೆನ್ನುತ್ತದೆಂದು ಕಾದಿದ್ದ ನಮ್ಮ ಮೂಗಿಗೆ ವಿನೆಗರ್ ವಾಸನೆ ಬಡಿಯಿತು. ನನ್ನಪ್ಪ ಕೆಮ್ಮಿಕೊಂಡು ಕಿಟಕಿ ತೆಗೆದ.

ನನಗೆ ತಡೆಯಲಾಗಲಿಲ್ಲ. ಬಾಟಲಿ ಮಲಗಿಸಿಡಬೇಕು, ಕಾರ್ಕ್ ಒದ್ದೆಯಾಗಿರಬೇಕು, ನಿಲ್ಲಿಸಿದರೆ ಅದು ಒಣಗಿ ಗಾಳಿ ಹೊಕ್ಕು ವೈನ್ ಕೆಡುತ್ತದೆ ಅಂತ ನನಗೆ ಪಾಠ ಹೇಳಿದವನೇ ಅವನು. ಹೋಟೆಲಿನಲ್ಲಿ ಯಾರಾದರೂ ನಿಲ್ಲಿಸಿಟ್ಟರೆ ಕೆಂಡಾಮಂಡಲವಾಗುತ್ತಿದ್ದ.

"ಚಿಕ್ಕಪ್ಪಾ, ಮನೆ ಬಾಟ್ಲಿ ಮಲಗಿಸೋಕೆ ಮರೆತುಬಿಟ್ಯಾ?"

"ಮರೆಯೋದೆಲ್ಲಿ ಬಂತು? ಮಲಗಿಸಿದ್ರೆ ಚೀಟಿ ಮೇಲಿನ ಹೆಸರು ಕಾಣ್ತಿರ್ಲಿಲ್ಲ."

"ಹೆಸರು ಕಾಣ್ಲಿ ಅಂತ ವೈನ್ ಹಾಳ್ಮಾಡಿದ್ಯಾ?"

"ನಾನೇನು ಕುಡಿಯೋನಾ? ನನಗೆ ಬೇಕಾಗಿದ್ದು ಹೆಸರು." ಕಾರ್ಕಿನ ಪುಡಿಯನ್ನು ಅಂಗೈಗೆ ಗುಡಿಸಿಕೊಳ್ಳುತ್ತಾ, ಮಗಳತ್ತ ನೋಡದೆಯೇ ಅವನು ಮಾತು ಮುಂದುವರಿಸಿದ. "ಆ ಹೋಟೆಲಲ್ಲಿ ನನ್ನ ಯಾರೂ ಹೆಸರು ಹಿಡಿದು ಕರೆಯಲ್ಲ. ಚಿಟಿಕೆ ಹೊಡೀತಾರೆ. ಏಯ್, ಇಲ್ಲಿ ಬಾ ಅಂತಾರೆ. ಆದ್ರೆ ಬಾಟ್ಲಿ ಹಿಡಿದು ನಾನು ಶಾಬ್ಲಿ ಅಂದ್ರೆ ಸಾಕು, ಎಲ್ರೂ ದನಿ ತಗ್ಗಿಸ್ತಾರೆ. ಎಂಥಾ ಬಾಯಿಬಡುಕನೂ ಆ ಹೆಸರನ್ನ ಕಿರುಚಿದ್ದು ನಾನು ಕೇಳಿಲ್ಲ. ನನ್ನ ಮಗಳನ್ನ ಯಾರೂ ಚಿಟಿಕೆ ಹೊಡೆದು ಕರೀಬಾರ್ದು ಅನ್ನಿಸ್ತು. ಸ್ಕೂಲ್ ಮಕ್ಕಳ ಬಾಯಿ ಹೇಗಿರುತ್ತೆ ಅಂತ ಹೊಳೀಲಿಲ್ಲ, ಪುಟ್ಟಿ."

ಊರು, ಮಣ್ಣು, ಚಿಪ್ಪು ಅಂತ ಇಷ್ಟು ದಿನ ಎಲ್ಲೆಲ್ಲೋ ಅರ್ಥ ಹುಡುಕಿದ್ದೆ. ಅದು ಟವೆಲ್ ಹೊತ್ತ ಈ ತೋಳಿನ ಹತ್ತಿರವೇ ಇತ್ತು.

"ಮತ್ತೆ ನೀನ್ಯಾಕೆ ನನ್ನ ಹಾಗೆ ಕರೆಯಲ್ಲ?" ಎಂದಳು ಪುಟ್ಟಿ.

"ಅದು ಡ್ಯೂಟಿ ದನಿ ಕಣೇ. ಮನೇಲಿ ನಾಚ್ಕೆ ಆಗುತ್ತೆ."

"ಒಂದ್ಸಲ ಹೇಳು. ಟೇಬಲ್ ಹತ್ರ ಹೇಳೋ ಹಾಗೇ."

ಚಿಕ್ಕಪ್ಪ ನಮ್ಮನ್ನೆಲ್ಲ ಒಮ್ಮೆ ನೋಡಿದ. ಅಡುಗೆಮನೆಯ ಟವೆಲನ್ನು ತೋಳಿನ ಮೇಲೆ ಹಾಕಿಕೊಂಡ. ಅಂಗಿ ಸರಿಮಾಡಿಕೊಂಡು, ಅವಳ ಕುರ್ಚಿಯ ಬಲಕ್ಕೆ ಬಂದು ತುಸುವೇ ಬಾಗಿ, ಮೆಲ್ಲಗೆ ಹೇಳಿದ.

"ಶಾಬ್ಲಿ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ನಕ್ಕಳು. "ಈ ಹೆಸರೇ ಇರ್ಲಿ ಬಿಡಪ್ಪಾ. ನಾಳೆ ಕ್ಲಾಸಲ್ಲಿ ಮೊದಲ ಪಾಠ ಇದೇ. ಹೆಸರು ಹೇಗೆ ಕರೀಬೇಕು ಅಂತ."

ಚಿಕ್ಕಮ್ಮ ಹುಳಿ ವೈನನ್ನು ಸಿಂಕಿಗೆ ಸುರಿದು, ಚೀಟಿ ನೆನೆಯದ ಹಾಗೆ ಬಾಟಲಿ ತೊಳೆದು, ಹೆಸರು ಎದುರಿಗೆ ಕಾಣುವಂತೆ ಮತ್ತೆ ಅಲ್ಲೇ ನಿಲ್ಲಿಸಿದಳು.