ಎರಡನೆಯ ದರ್ಜೆಯ ಅಭಿಮಾನಿ

ಕಳೆದ ತಿಂಗಳು ತೀರಿಕೊಂಡ ನನ್ನ ಗೆಳೆಯ, ಸವಣೂರಿನ ಟೇಲರ್ ಹಯಾತ, ಯುರೋಪಿನ ನೇಷನ್ಸ್ ಲೀಗ್ ಫುಟ್‌ಬಾಲಿನಲ್ಲಿ ಎರಡನೆಯ ದರ್ಜೆಯನ್ನು ಮಾತ್ರ ನೋಡುತ್ತಿದ್ದ. ಅದರ ಅಂಕಪಟ್ಟಿಯನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಂಗಡಿಯ ಬಾಗಿಲ ಮೇಲೆ ಬರೆಯುತ್ತಿದ್ದ. ಆ ದರ್ಜೆಯಲ್ಲಿ ಅವನ ಮೆಚ್ಚಿನ ತಂಡವಾದ ಅಲ್ಬೇನಿಯಾ ಸೋತ ದಿನ ಅವನು ಹೊಲಿದ ಯಾರ ಅಂಗಿಯ ತೋಳೂ ಸರಿಯಾಗಿ ಕೂರುತ್ತಿರಲಿಲ್ಲ. ಒಂದು ತಂಡ ಮೊದಲ ದರ್ಜೆಗೆ ಏರಿದರೆ ಓಣಿಗೆಲ್ಲ ಚಹಾ ಕುಡಿಸುತ್ತಿದ್ದ; ಅಲ್ಲಿಂದ ಇಳಿದು ಬಂದ ತಂಡದ ಹೆಸರಿನಲ್ಲೂ ಕುಡಿಸುತ್ತಿದ್ದ. "ಬಿದ್ದೋರ ಹೆಸರಿಗೆ ಯಾಕೋ ಚಾ?" ಎಂದು ನಾನು ಕೆಣಕಿದರೆ, "ಬಿದ್ದಿಲ್ಲಲೇ, ತವರಿಗೆ ಬಂದಾರ," ಎನ್ನುತ್ತಿದ್ದ. ಮಗಳು ತಹಮೀನಾ ಗಂಡನನ್ನು ಬಿಟ್ಟು ಬಂದಾಗ ಓಣಿಯಲ್ಲಿ ಗುಸುಗುಸು ಎದ್ದಿತು. ಮರುದಿನವೇ ಹಯಾತ ಅಂಗಡಿಯ ಬೋರ್ಡು ಬದಲಿಸಿದ: ದೊಡ್ಡ ಅಕ್ಷರದಲ್ಲಿ 'ತಹಮೀನಾ ಟೇಲರ್ಸ್', ಅದರ ಕೆಳಗೆ ಸಣ್ಣದಾಗಿ ತನ್ನ ಹೆಸರು. ಬಂದ ಗಿರಾಕಿಗಳನ್ನು ಮೆಟ್ಟಿಲಲ್ಲೇ ನಿಲ್ಲಿಸಿ, "ಮೊದಲಿಗೆ ಬೋರ್ಡ್ ಓದ್ರಿ, ಆಮ್ಯಾಲ ಒಳಗ ಬರ್ರಿ," ಎನ್ನುತ್ತಿದ್ದ.